ಟೈಪಿಸ್ಟ್ ಅಂದಾನೆಪ್ಪನ ಬಲಗೈ

ನಾನೊಂದು ಕನ್ನಡ ಟೈಪ್‌ರೈಟರ್. ಹುಟ್ಟಿದ್ದು ಮುಂಬೈಯ ಕಾರ್ಖಾನೆಯೊಂದರಲ್ಲಿ. ನನ್ನ ಕಡ್ಡಿಗಳ ತುದಿಗೆ ಒಂದೊಂದೇ ಅಕ್ಷರ ಬೆಸೆದವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಎಲ್ಲವನ್ನೂ ಅದರದರ ಜಾಗದಲ್ಲಿ ಸರಿಯಾಗಿ ಕೂರಿಸಿದ. ಮೊದಲ ಹನ್ನೊಂದು ವರ್ಷ ಗದಗಿನ ಒಂದು ಟೈಪಿಂಗ್ ಶಾಲೆಯಲ್ಲಿ ಕಳೆದೆ. ಪರೀಕ್ಷೆ ಹತ್ತಿರ ಬಂದಾಗ ಬೆವರಿದ ಬೆರಳುಗಳು ನನ್ನ ಮೇಲೆ ತಡಕಾಡುತ್ತಿದ್ದವು. ಕಂಪ್ಯೂಟರ್ ಬಂತು, ಶಾಲೆ ಮುಚ್ಚಿತು. ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವನು ಅಂದಾನೆಪ್ಪ ಹೊಂಬಳ.

ಅಂದಾನೆಪ್ಪ ಕೋರ್ಟಿನ ಆವರಣದಲ್ಲಿ, ತಗಡಿನ ಚಪ್ಪರದ ಕೆಳಗೆ ಕೂತು ಅರ್ಜಿ, ಅಫಿಡವಿಟ್ ಟೈಪ್ ಮಾಡುತ್ತಿದ್ದ. ಬೆಳಿಗ್ಗೆ ನನ್ನನ್ನು ಮರದ ಪೆಟ್ಟಿಗೆಯಲ್ಲಿಟ್ಟು ಸೈಕಲ್ಲಿಗೆ ಕಟ್ಟಿ ತರುವುದು, ಸಂಜೆ ಬೆಟಗೇರಿಯ ಮನೆಗೆ ಒಯ್ಯುವುದು. ಜನ ಅಳುತ್ತ, ಬೈಯುತ್ತ, ಹಿಂದುಮುಂದಾಗಿ ಹೇಳಿದ್ದನ್ನು ಆತ ನಾಲ್ಕು ನೇರ ವಾಕ್ಯ ಮಾಡುತ್ತಿದ್ದ. ನನ್ನ ಕೀಲಿಗಳತ್ತ ನೋಡುತ್ತಲೇ ಇರಲಿಲ್ಲ. ಬೆರಳಿಗೇ ಕಣ್ಣಿದ್ದಂತಿತ್ತು.

ತುಟಿಯಲ್ಲಿ ಮಾತ್ರ ಸಿಗರೇಟು ಇರಲೇಬೇಕು. ಎರಡೂ ಕೈ ನನ್ನ ಮೇಲಿರುವುದರಿಂದ ಅದು ತುಟಿಯಲ್ಲೇ ಉರಿದು ಮುಗಿಯುತ್ತಿತ್ತು. ಬೂದಿ ನನ್ನ ಕಡ್ಡಿಗಳ ನಡುವೆ ಉದುರಿದರೆ ಊದಿ ತೆಗೆದು, "ತಪ್ಪಾತು" ಎನ್ನುತ್ತಿದ್ದ, ನನಗೇ ಹೇಳಿದ ಹಾಗೆ. ಹೀಗೆ ಹದಿನೆಂಟು ವರ್ಷ.

ಯುಗಾದಿ ಕಳೆದು ಕೆಲವೇ ದಿನ. ಒಬ್ಬ ಮುದುಕಿಯ ಪಿಂಚಣಿ ಅರ್ಜಿ ನಡೆದಿತ್ತು. ಬಲಗೈ ಹೊಡೆಯುವ ಅಕ್ಷರಗಳು ಮಸುಕಾದವು. ಆಮೇಲೆ ಮೂಡಲೇ ಇಲ್ಲ. ಅವನ ಬಲಗೈ ಒದ್ದೆ ಬಟ್ಟೆಯಂತೆ ನನ್ನ ಮೇಲೆ ಬಿದ್ದಿತು, ಐದಾರು ಕಡ್ಡಿಗಳು ಒಟ್ಟಿಗೆ ಎದ್ದು ಸಿಕ್ಕಿಕೊಂಡವು. ಹತ್ತು ನಿಮಿಷ ಕಳೆದು ಕೈಗೆ ಜೀವ ಬಂತು.

"ಜೋಮು ಹಿಡದಿತ್ತು," ಎಂದು ಆತ ನಕ್ಕ.

ಪಕ್ಕದ ಟೇಬಲ್ಲಿನಲ್ಲಿ ಸ್ಟಾಂಪ್ ಪೇಪರ್ ಮಾರುವ ಮಕ್ತುಮಸಾಬ ಹಳೆಯ ಗೆಳೆಯ. ಆತ ನಗಲಿಲ್ಲ. "ನಿನ್ನ ಬಾಯಿನೂ ಸೊಟ್ಟಗಾಗಿತ್ತು, ಅಂದಾನೆಪ್ಪ. ಡಾಕ್ಟರ ಕಡೆ ನಡಿ."

ಹೋಗಲಿಲ್ಲ. ಮುಂದಿನ ವಾರ ಎಡಗಣ್ಣಿಗೆ ಪರದೆ ಇಳಿದಂತಾಗಿ ಅರ್ಧ ಹಾಳೆ ಕಾಣದೆ ಹೋದಾಗ ಹೆದರಿ ಡಾಕ್ಟರ ಬಳಿ ಹೋದ. ಮೂರು ದಿನ ಬಿಟ್ಟು ಬಂದಾಗ ಕೈಯಲ್ಲಿ ದೊಡ್ಡದೊಂದು ಲಕೋಟೆ ಇತ್ತು.

"ಕುತ್ತಿಗಿ ಎಡಗಡೆ ಒಂದು ರಕ್ತನಾಳ ಐತಿ. ಮಿದುಳಿಗೆ ಹೋಗೋ ದಾರಿ ಅದು. ನೂರಕ್ಕ ಎಂಬತ್ತು ಭಾಗ ಕಟ್ಟೇತಂತ. ಎಲ್ಲಾ ಸಿಗರೇಟಿನ ಕೆಲಸ ಅಂದ್ರು."

"ಮತ್ತೇನ್ ಮಾಡ್ಬೇಕಂತ?" ಮಕ್ತುಮಸಾಬ ಕೇಳಿದ.

"ಗುಳಗಿ ತಪ್ಪಸಬಾರದು. ಸೇದೂದು ಇವತ್ತ ಬಿಡಬೇಕು. ಎರಡು ವಾರದೊಳಗ ಹುಬ್ಬಳ್ಳಿಗೆ ಹೋಗಿ, ಕುತ್ತಿಗಿ ಕೊಯ್ಸಿ ಕಟ್ಟಿದ್ದನ್ನ ತಗಿಸ್ಬೇಕು."

"ಹಂಗಾರ ಹೋಗು."

"ನೂರರಾಗ ಇಬ್ಬರು ಮೂವರಿಗೆ ಆಪರೇಶನ್ ಮಾಡೂವಾಗನ ಲಕ್ವಾ ಹೊಡೀತೈತಂತ. ಅವರ ಹೇಳ್ಯಾರ."

"ಉಳದ ತೊಂಬತ್ತೇಳು ಮಂದಿ?"

ಅಂದಾನೆಪ್ಪ ಕಾಗದಗಳನ್ನು ಮತ್ತೆ ಲಕೋಟೆಗೆ ತುಂಬಿದ. ನನ್ನನ್ನು ಎತ್ತಿ, ಲಕೋಟೆಯನ್ನು ಪೆಟ್ಟಿಗೆಯ ತಳದಲ್ಲಿಟ್ಟು, ಅದರ ಮೇಲೆ ನನ್ನನ್ನು ಕೂರಿಸಿದ.

ಮನೆಯಲ್ಲಿ ಹೆಂಡತಿ ಶಿವಗಂಗವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಆಕೆಗೆ ಓದು ಬಾರದು. "ಏನಂದ್ರರೀ ಡಾಕ್ಟ್ರು?"

"ರಕ್ತ ತಿಳಿ ಮಾಡೂ ಗುಳಗಿ ಕೊಟ್ಟಾರ. ಅಷ್ಟ ಸಾಕಂತ."

ಆಕೆ ದೇವರ ಕೋಣೆಯತ್ತ ತಿರುಗಿ ಕೈಮುಗಿದಳು. ಲಕೋಟೆ ನನ್ನ ಹೊಟ್ಟೆಗೆ ಒತ್ತಿಕೊಂಡಿತ್ತು. ಸಾವಿರಾರು ಜನರ ಸಂಕಟವನ್ನು ಹಾಳೆಗೆ ಇಳಿಸಿದವನು ನಾನು, ನಾನಾಗಿಯೇ ಒಂದಕ್ಷರ ಒತ್ತಲಾರೆ.

ಹತ್ತೊಂಬತ್ತು ದಿನ ಅವನು ಸಿಗರೇಟು ಮುಟ್ಟಲಿಲ್ಲ. ಏಲಕ್ಕಿ ಜಗಿಯುತ್ತಿದ್ದ, ಒಂದೇ ಸಾಲನ್ನು ಎರಡೆರಡು ಸಲ ಹೊಡೆಯುತ್ತಿದ್ದ. ಇಪ್ಪತ್ತನೆಯ ದಿನ ವಕೀಲರೊಬ್ಬರು ಅವಸರದ ಕಾಗದ ತಂದು ನಿಂತರು. ಅವರ ಬೆರಳ ಸಂದಿಯಲ್ಲಿ ಸಿಗರೇಟಿತ್ತು. "ಒಂದು ಕೊಡ್ರಿ ಸಾಹೇಬ್ರ," ಎಂದ ಅಂದಾನೆಪ್ಪ. ಮಕ್ತುಮಸಾಬ ಎದ್ದು ಆಚೆ ಹೋದ. ಹುಬ್ಬಳ್ಳಿಯ ಆಸ್ಪತ್ರೆಯವರು ಆಪರೇಶನ್ನಿಗೆ ಕೊಟ್ಟಿದ್ದ ತಾರೀಖು ಅಷ್ಟರಲ್ಲೇ ದಾಟಿತ್ತು.

ಆಷಾಢದ ಒಂದು ಮಧ್ಯಾಹ್ನ ಆತ ನನ್ನ ಮೇಲೆಯೇ ಕುಸಿದ. ಹಣೆ ಬಡಿದು, ಸಾಲಿನ ಕೊನೆಗೆ ಸದ್ದು ಮಾಡುವ ನನ್ನ ಗಂಟೆ ಒಮ್ಮೆ ಹೊಡೆಯಿತು. ಮಕ್ತುಮಸಾಬ ಆಟೋದಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದ, ಸಂಜೆ ನನ್ನನ್ನು ಮನೆಗೆ ತಂದ. ಪೆಟ್ಟಿಗೆ ತೆರೆದಾಗ ಶಿವಗಂಗವ್ವನಿಗೆ ಲಕೋಟೆ ಸಿಕ್ಕಿತು. ಆಸ್ಪತ್ರೆಯದೇ ಕಾಗದವೆಂದು ಗುರುತು ಹಿಡಿದು ಮರುದಿನ ಡಾಕ್ಟರಿಗೆ ಒಯ್ದು ಕೊಟ್ಟಳು.

ತಿರುಗಿ ಬಂದವಳು, ಸುದ್ದಿ ಕೇಳಲು ಬಂದಿದ್ದ ಮಕ್ತುಮಸಾಬನ ಎದುರು ಹೊಸ್ತಿಲ ಮೇಲೆ ಕೂತಳು. "ಮೂರು ತಿಂಗಳ ಹಿಂದಿಂದಂತ. ಆಪರೇಶನ್‌ಕ ಯಾಕ ಬರಲಿಲ್ಲ ಅಂತ ನನ್ನ ಕೇಳ್ತಾರ, ಅಣ್ಣಾರ. ನಾ ಏನ್ ಹೇಳ್ಲಿ?"

ಮಕ್ತುಮಸಾಬ ತಲೆ ತಗ್ಗಿಸಿದ. "ನನಗ ಗೊತ್ತಿತ್ತವ್ವ," ಎಂದ. ಆಮೇಲೆ ಆತ ಆ ಮನೆಯತ್ತ ಬರುವುದು ಕಡಿಮೆಯಾಯಿತು.

ಅಂದಾನೆಪ್ಪ ಬದುಕಿ ಬಂದ. ಬಲಗೈ, ಬಲಗಾಲು ಅವನವಾಗಿ ಉಳಿಯಲಿಲ್ಲ. ಮಾತಿನಲ್ಲಿ ಉಳಿದದ್ದು ಒಂದೇ ಶಬ್ದ: "ಮಾನ್ಯರೇ". ಪ್ರತಿ ಅರ್ಜಿಯ ತಲೆಯಲ್ಲಿ ಹೊಡೆಯುತ್ತಿದ್ದುದು ಅದು. ನೀರಿಗೂ ಮಾನ್ಯರೇ, ನೋವಿಗೂ ಮಾನ್ಯರೇ. ಎಡಗೈಯಿಂದ ಬರೆಯಲು ಕಲಿಸಿ ಎಂದು ಆಸ್ಪತ್ರೆಯವರು ಹೇಳಿದ್ದಕ್ಕೆ ಶಿವಗಂಗವ್ವ ನನ್ನನ್ನು ಅವನ ಮುಂದೆ ತಂದಿಟ್ಟಳು. ಆತ ಬಹಳ ಹೊತ್ತು ನೋಡಿದ. ಒಂದು ಕೀಲಿಯ ಮೇಲೆ ಬೆರಳಿಟ್ಟ, ತೆಗೆದ, ಇನ್ನೊಂದರ ಮೇಲಿಟ್ಟ. ಒಂದಕ್ಷರವೂ ಅವನಿಗೆ ಗುರುತು ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು. ಆಕೆ ನನ್ನ ಮೇಲೆ ಬಟ್ಟೆ ಹೊದಿಸಿದಳು.

ಈಗ ನಾನು ಅವರ ಪಡಸಾಲೆಯ ಮೂಲೆಯಲ್ಲಿದ್ದೇನೆ. ರಿಬ್ಬನ್ ಒಣಗಿದೆ, ಕಡ್ಡಿಗಳಿಗೆ ತುಕ್ಕು ಹಿಡಿದಿದೆ. ಗುಜರಿಯವನೂ ಎತ್ತಿ ನೋಡಿ ಕೆಳಗಿಟ್ಟು ಹೋದ. ಮುದಿತನ ನನಗೆ ಭಾರವಲ್ಲ. ಎದುರಿಗಿರುವ ಮಂಚವನ್ನು ನೋಡುತ್ತ ಇರುವುದೇ ಭಾರ.

ಮನೆಗೆ ಬಂದ ತಿಂಗಳಿಗೇ ಅಂದಾನೆಪ್ಪ ಎಡಗೈಯ ಎರಡು ಬೆರಳು ತುಟಿಗೆ ಒತ್ತಿ ತೋರಿಸತೊಡಗಿದ. ಶಿವಗಂಗವ್ವ ಎಂಟು ದಿನ ಮುಖ ತಿರುಗಿಸಿದಳು. ಆತ ಊಟ ಬಿಟ್ಟ. ಒಂಬತ್ತನೆಯ ದಿನ ಆಕೆ ಸೆರಗಿನಲ್ಲಿ ಒಂದು ಪ್ಯಾಕು ಮುಚ್ಚಿಕೊಂಡು ತಂದಳು.

"ನೀವು ಆಡೋದ್ರಾಗ ಇದೊಂದ ಮಾತು ನನಗ ತಿಳಿಯೂದು," ಎಂದಳು.

ಸೊಟ್ಟಗಾದ ತುಟಿಗೆ ಎಳೆದು ಹೊತ್ತಿಸುವ ಶಕ್ತಿಯಿಲ್ಲ. ಆಕೆಯೇ ಬಾಯಿಗಿಟ್ಟು, ಕಡ್ಡಿ ಗೀರಿ, ಮೊದಲ ದಮ್ಮು ಎಳೆದು ಅವನಿಗೆ ಕೊಡಬೇಕು. ಮೊದಮೊದಲು ಆಕೆಗೆ ಕೆಮ್ಮಿ ಕೆಮ್ಮಿ ಕಣ್ಣೀರು ಬರುತ್ತಿತ್ತು. ಈಗ ಕೆಮ್ಮುವುದಿಲ್ಲ. ಕಳೆದ ವಾರದಿಂದ ಎರಡನೆಯ ದಮ್ಮನ್ನೂ ತಾನೇ ಎಳೆಯುತ್ತಾಳೆ, ಗೋಡೆಗೆ ಒರಗಿ, ಕಣ್ಣು ಮುಚ್ಚಿ.