ಗುಡ್ಡದ ದೀಪಗಳಿಗಾಗಿ ಕಾಯುವ ಫೆರಿ

ಜನರನ್ನೂ ಕಾರುಗಳನ್ನೂ ಆಚೆ ದಡಕ್ಕೆ ದಾಟಿಸುವ ತೋರಾಲ್ಫ್‌ನ ಫೆರಿ ಈಗ ಹೈಡ್ರೋಜನ್ನಿನಿಂದ ಓಡುತ್ತಿತ್ತು. ಹೊಗೆಯಿಲ್ಲ, ಗದ್ದಲವಿಲ್ಲ, ಹೊರಬರುವುದು ಬರೀ ನೀರಿನ ಹಬೆ. ಆದರೆ ದೂರದಿಂದ ಲಾರಿಯಲ್ಲಿ ಬರುವ ಆ ಅನಿಲ ಮಹಾ ದುಬಾರಿ. ಬೇಸಿಗೆ ಬರುವುದರೊಳಗೆ ಖರ್ಚು ಇಳಿಯದಿದ್ದರೆ ಹಡಗನ್ನು ಮಾರಿ, ಹಳೆಯ ಡೀಸೆಲ್ ಡಬ್ಬವನ್ನೇ ಮತ್ತೆ ಇಳಿಸುತ್ತೇವೆ ಎಂದು ಜಿಲ್ಲಾಡಳಿತ ಖಡಾಖಂಡಿತವಾಗಿ ಹೇಳಿಬಿಟ್ಟಿತ್ತು. ಆ ಡಬ್ಬದ ಹೊಗೆ ಕುಡಿದೇ ತೋರಾಲ್ಫ್‌ನ ಎದೆ ಕೆಟ್ಟದ್ದು. ಹೊಸ ಹಡಗೆಂದರೆ ಅವನಿಗೆ ಪ್ರಾಣ.

"ಅನಿಲ ತಿನ್ನೋದು ಹಡಗಲ್ಲ ತೋರಾಲ್ಫ್, ನೀವು," ಎಂದಳು ಎಂಜಿನ್ ನೋಡಿಕೊಳ್ಳುವ ಇಂಗ್ವಿಲ್. "ಗುಡ್ಡದ ಮೇಲಿಂದ ಯಾರೋ ಕಾರಿನ ದೀಪ ಮಿಣುಕಿಸ್ತಾರೆ, ನೀವು ಕಾಯ್ತೀರಿ. ಆಮೇಲೆ ತಡ ಆಯ್ತು ಅಂತ ಓಡಿಸ್ತೀರಿ. ವೇಗ ಒಂಚೂರು ಏರಿದ್ರೂ ಖರ್ಚು ಎಲ್ಲಿಗೋ ಏರುತ್ತೆ."

"ಅವ್ರೆಲ್ಲ ನಮ್ಮೂರೋರು ಕಣಮ್ಮಾ!"

ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ ಅದು. ಅಂದು ಊಟಕ್ಕೆ ಕೂತಾಗ ಹೆಂಡತಿ ರಾಂಡಿಯ ಮುಂದೆ ಎಲ್ಲ ತೋಡಿಕೊಂಡ.

"ಯಾರನ್ನ ಅಂತ ಬಿಟ್ಟು ಹೋಗ್ಲಿ? ಮೊದಲು ಯಾರನ್ನ ಬಿಟ್ಟು ಹೋಗ್ತೀನೋ ಅವ್ರು ಸಾಯೋವರೆಗೂ ನನ್ನ ಮುಖ ನೋಡಲ್ಲ."

ರಾಂಡಿ ಇನ್ನೊಂದು ಸೌಟು ಮೀನಿನ ಸೂಪು ಬಡಿಸಿದಳು.

ಶನಿವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಸರಿಯಾಗಿ ಗುಡ್ಡದ ಮೇಲೆ ದೀಪ ಮಿಣುಕಿತು. ತೋರಾಲ್ಫ್ ಕಣ್ಣು ಕಿರಿದು ಮಾಡಿ ನೋಡಿದ. ತನ್ನದೇ ನೀಲಿ ಕಾರು! ಆಚೆ ದಡದಲ್ಲಿ ನಾದಿನಿಯ ಹುಟ್ಟುಹಬ್ಬ. ರಾಂಡಿ ಕೇಕು ತರುತ್ತಿದ್ದಳು. ಡೆಕ್ಕಿನ ಮೇಲಿದ್ದವರೆಲ್ಲ ಅವನತ್ತಲೇ ನೋಡುತ್ತಿದ್ದರು. ಆದರೂ ಅವನು ಕಾರು ಹತ್ತುವ ಬಾಗಿಲು ಎತ್ತಿಸಿ ಹೊರಟುಬಿಟ್ಟ.

ದಡದಲ್ಲಿ ರಾಂಡಿ ಕೇಕಿನ ಡಬ್ಬ ಹಿಡಿದು ಊರಿಗೆಲ್ಲ ಕೇಳುವಂತೆ ಕೂಗಿದಳು: "ಅಯ್ಯೋ ಕಟುಕ! ಕಟ್ಟಿಕೊಂಡ ಹೆಂಡ್ತಿನೇ ಬಿಟ್ಟು ಹೋದ್ನಲ್ಲಪ್ಪಾ!"

ಫೆರಿ ಆರಾಮವಾಗಿ ಸಾಗಿ ಹೊತ್ತಿಗೆ ಸರಿಯಾಗಿ ತಲುಪಿತು. ಅಷ್ಟು ಕಡಿಮೆ ಅನಿಲ ಸಾಕಾಯಿತೆಂದು ಇಂಗ್ವಿಲ್‌ಗೇ ನಂಬಲಾಗಲಿಲ್ಲ. ತೋರಾಲ್ಫ್‌ಗೆ ಅದೊಂದೂ ಕಿವಿಗೆ ಬೀಳಲಿಲ್ಲ. ನಲವತ್ತು ವರ್ಷದ ಸಂಸಾರ ನೀರುಪಾಲಾಯಿತೆಂದೇ ಅವನ ಲೆಕ್ಕ.

ಹಿಂದಿರುಗಿದಾಗ ದಡದಲ್ಲಿ ಕಾರುಗಳು ಆಗಲೇ ಸಾಲುಗಟ್ಟಿ ನಿಂತಿದ್ದವು. ಕೊನೆಯ ಗಳಿಗೆಯಲ್ಲೇ ಬರುವ ಬೇಕರಿಯವನೂ ಇದ್ದ. ಹೆಂಡತಿಗೇ ಕಾಯದವನು ಇನ್ಯಾರಿಗೆ ಕಾದಾನು?

ರಾಂಡಿ ನೆಟ್ಟಗೆ ಚುಕ್ಕಾಣಿ ಕೋಣೆಗೆ ಬಂದಳು.

"ತಪ್ಪಾಯ್ತು ಕಣೇ," ಎಂದ ತೋರಾಲ್ಫ್, ತಲೆ ಎತ್ತದೆ. "ಆದ್ರೆ ಒಂದು ದಿನಾನೂ ತಡ ಮಾಡ್ದೋಳಲ್ಲ ನೀನು. ಇವತ್ತೇ ಏನಾಗಿತ್ತು?"

"ನೀನು ಹೊರಡೋ ಹೊತ್ತಾಗ್ಲಿ ಅಂತ ಗುಡ್ಡದ ಮೇಲೆ ಕಾರಲ್ಲಿ ಕೂತಿದ್ದೆ, ಮುದುಕಾ. ಚಳಿಗೆ ಕಾಲು ಮರಗಟ್ಟಿಹೋಯ್ತು."

ತೋರಾಲ್ಫ್‌ಗೆ ವಿಷಯ ತಲೆಗೆ ಹತ್ತಲು ತುಸು ಹೊತ್ತು ಹಿಡಿಯಿತು. ಹತ್ತಿದ ಮೇಲೆ ಕಣ್ಣು ಮಂಜಾಯಿತು.

"ನಾನು ಕಾದುಬಿಟ್ಟಿದ್ರೆ?"

"ಮನೆಗೆ ಸೇರಿಸ್ತಿರ್ಲಿಲ್ಲ," ಎಂದಳು ರಾಂಡಿ.