ತಿರುಗಿ ಕೂತವನು

ರೈಲು ಇನ್ನೂ ಕೈರೋದ ರಾಮ್ಸೆಸ್ ನಿಲ್ದಾಣದಲ್ಲಿ ಪೂರ್ತಿ ನಿಂತಿರಲಿಲ್ಲ, ರೈಸ್ ಕಿನಾವಿ ಆಗಲೇ ಬಾಗಿಲಿಗೆ ಬಂದು ಒಂದು ಕಾಲು ಹೊರಗೆ ಚಾಚಿಯಾಗಿತ್ತು. ಎಪ್ಪತ್ತೆರಡು ವರ್ಷದ ಮುದುಕ. ಹೊಸ ನಿಲುವಂಗಿ, ಬಿಳಿ ರುಮಾಲು, ಕೈಯಲ್ಲಿ ಕೋಲು, ಕಂಕುಳಲ್ಲಿ ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯ ಗಂಟು. ದಕ್ಷಿಣದ ಕಿಫ್ತ್ ಊರಿನಿಂದ ರಾತ್ರಿಯಿಡೀ ಕೂತು ಬಂದವನ ಮುಖದಲ್ಲಿ ನಿದ್ದೆಗೆಟ್ಟ ಗುರುತೇ ಇಲ್ಲ. ಮದುವೆಗೆ ಹೊರಟ ಗಂಡಿನ ಕಳೆ ಇತ್ತು.

ಕಿಫ್ತ್‌ನ ಗಂಡಸರಿಗೆ ಮುತ್ತಜ್ಜನ ಕಾಲದಿಂದ ಒಂದೇ ಕಸುಬು: ಮಣ್ಣಿನಡಿ ಹೂತುಹೋದ ಗೋರಿ, ಗುಡಿಗಳನ್ನು ಅಗೆದು ತೆಗೆಯುವುದು. ಆ ಕೆಲಸದ ಮೇಸ್ತ್ರಿಗೆ ರೈಸ್ ಅನ್ನುತ್ತಾರೆ. ಐವತ್ತು ವರ್ಷ ಸತ್ತ ದೊರೆಗಳ ಮನೆಬಾಗಿಲು ತಟ್ಟಿದ ಕಿನಾವಿ, ಟಿಕೆಟ್ ಕೊಂಡು ಪ್ರವಾಸಿಯ ಹಾಗೆ ಯಾವುದನ್ನೂ ನೋಡಿದವನಲ್ಲ. ಇವತ್ತು ನೋಡಲು ಹೊರಟಿದ್ದ.

ನೋಡಬೇಕಾಗಿದ್ದದ್ದು ಒಂದು ದೋಣಿ. ನಲವತ್ನಾಲ್ಕು ವರ್ಷದ ಹಿಂದೆ ನದಿಯಾಚೆಯ ಬೆಟ್ಟದಲ್ಲಿ, ಆಳದ ಗೋರಿಯೊಂದರಲ್ಲಿ ಅವನಿಗೆ ಸಿಕ್ಕಿದ್ದ ಮೊಳದುದ್ದದ ಮರದ ದೋಣಿ, ಅದರಲ್ಲಿ ಬೆರಳುದ್ದದ ಹನ್ನೆರಡು ಅಂಬಿಗರು. ಸಿಕ್ಕ ವಾರದಲ್ಲೇ ಅದು ಪೆಟ್ಟಿಗೆ ಸೇರಿ, ಪೆಟ್ಟಿಗೆ ಕೈರೋದ ಯಾವುದೋ ಉಗ್ರಾಣ ಸೇರಿತು. ಅಂದಿನಿಂದ ಊರಿನ ಚಹದಂಗಡಿಯ ಶಹಾತಾ ದಿನಾ ಸಂಜೆ ತಪ್ಪದೆ ಕೇಳುತ್ತಿದ್ದ: "ಏನೋ ಕಿನಾವಿ, ನಿನ್ನ ದೋಣಿ ಯಾವ ಕಡಿ ಮುಳುಗೇತಿ, ಸುದ್ದಿ ಬಂತಾ?" ಈಗ ಹೊಸ ಮ್ಯೂಸಿಯಮ್ಮಿನಲ್ಲಿ ಅದನ್ನು ಹೊರಗಿಟ್ಟಿದ್ದಾರೆಂದು ಮೊಮ್ಮಗಳು ಫೋನ್ ಮಾಡಿದ್ದಳು. ದೋಣಿಯ ಪಕ್ಕ ನಿಂತು ಫೋಟೋ ಹೊಡೆಸಿಕೊಂಡು ಶಹಾತಾನ ಬಾಯಿಗೆ ಬೀಗ ಜಡಿಯದಿದ್ದರೆ ಸತ್ತರೂ ಸಮಾಧಾನವಿಲ್ಲ ಅಂತ ಮುದುಕ ರೈಲು ಹತ್ತಿದ್ದ.

"ಅಜ್ಜಾ! ಇಲ್ಲಿ!" ನರ್ಸಿಂಗ್ ಓದುತ್ತಿದ್ದ ಹನೀನ್ ಜನರ ನಡುವೆ ನುಗ್ಗಿ ಬಂದು ಅವನ ಕೈಗೆ ಮುತ್ತಿಟ್ಟಳು.

"ನಡಿ ನಡಿ, ಹೊತ್ತಾತು. ಬಾಗಲಾ ಮುಚ್ಚಿಗಿಚ್ಚಾರು."

"ಇನ್ನೂ ಏಳೂವರೆ ಅಜ್ಜ. ತೆಗೆಯೋದೇ ಒಂಬತ್ತಕ್ಕೆ."

"ತೆಗೆಯೋದೇ ಅಂತ! ಎರಡು ವರ್ಷಕ್ಕ ನಾಲಿಗಿ ಪೂರಾ ಕೈರೋದ್ದು ಆಗೇತಲ್ಲ ನಿಂದು."

ಅವಳು ನಗುತ್ತಾ ನಿಲ್ದಾಣದ ಹೊರಗೆ ಬೇಯಿಸಿದ ಕಾಳಿನ ಗಾಡಿಯ ಮುಂದೆ ಅವನನ್ನು ನಿಲ್ಲಿಸಿದಳು. ಗಾಡಿಯವನು ಅಜ್ಜನ ರುಮಾಲನ್ನು ಒಮ್ಮೆ ಅಳೆದು ನೋಡಿದ. ಕೈರೋದವರಿಗೆ ದಕ್ಷಿಣದವರನ್ನು ಕಂಡರೆ ನಾಲಿಗೆ ತುರಿಸುತ್ತದೆ.

"ಪಿರಮಿಡ್ಡು ನೋಡೋಕೆ ಬಂದ್ರಾ ಹಾಜಿ? ಜೋಪಾನ, ಯಾರಾದ್ರೂ ನಿಮಗೇ ಮಾರಿಬಿಟ್ಟಾರು."

"ಮಾರ್ಲಿ ಬಿಡಪಾ. ಕೆಳಗ ಏನೈತಿ ಅಂತ ಅಗದು ನೋಡಾಂವ ನಾನ ಅದೀನಿ. ನೀ ಎಣ್ಣಿ ಹಾಕು, ಜಿಪುಣತನ ಮಾಡಬ್ಯಾಡ."

ಸುತ್ತ ನಿಂತವರೆಲ್ಲ ನಕ್ಕರು. ಗಾಡಿಯವನು ಸೋತು ಎಣ್ಣೆಯ ಜೊತೆ ಒಂದು ಈರುಳ್ಳಿಯನ್ನೂ ಕೊಟ್ಟ. ಅಲ್ಲಿಂದ ರಸ್ತೆ ದಾಟುವುದೇ ಒಂದು ಯುದ್ಧ. ಬಸ್ಸು, ಟುಕ್‌ಟುಕ್, ತಲೆಯ ಮೇಲೆ ಹಲಗೆ ತುಂಬಾ ರೊಟ್ಟಿ ಹೊತ್ತು ಸೈಕಲ್ ತುಳಿಯುವವ, ಎಲ್ಲರೂ ಒಟ್ಟಿಗೆ ನುಗ್ಗುತ್ತಿದ್ದರು. ಮುದುಕ ಕೋಲೆತ್ತಿ ನಡುರಸ್ತೆಗಿಳಿದು, ಆಳುಗಳಿಗೆ ಕೂಗುವಂತೆ "ನಿಲ್ರೋ!" ಅಂದ. ದೇವರಾಣೆಗೂ ನಿಂತವು. ಹನೀನ್ ನಾಚಿಕೆಯಿಂದ ಮುಖ ಮುಚ್ಚಿಕೊಂಡೇ ದಾಟಿದಳು.

ಮೆಟ್ರೋ ಮೆಟ್ಟಿಲಿಳಿದು ಪ್ಲಾಟ್‌ಫಾರ್ಮಿಗೆ ಬರುತ್ತಲೇ ಹನೀನ್ ಅವನ ಕಣ್ಣಿಗೆ ಕೈ ಅಡ್ಡ ಹಿಡಿದಳು. "ಇದನ್ನ ಬೇಕಂತಲೇ ಹೇಳಿರಲಿಲ್ಲ. ಈಗ ನೋಡು!"

ಪ್ಲಾಟ್‌ಫಾರ್ಮಿನ ಗೋಡೆಯುದ್ದಕ್ಕೂ ಒಂದು ಚಿತ್ರ. ಆಳೆತ್ತರದ ಮರದ ಮುಖ, ಮಸಿ ಬರೆದ ಅಗಲವಾದ ಕಣ್ಣು. ಕಿನಾವಿ ಕೋಲೂರಿ ಎರಡು ಹೆಜ್ಜೆ ಮುಂದೆ ಹೋದ.

"ನನ್ನ ಅಂಬಿಗಾ!"

"ನಿನ್ನವನೇ. ಊರಿಗೆಲ್ಲ ಇವನದೇ ಹುಚ್ಚು ಅಜ್ಜ. ತಿರುಗಿ ನೋಡುವವನು ಅಂತ ಹೆಸರು. ಲೋಟದ ಮೇಲೆ, ಅಂಗಿ ಮೇಲೆ, ಎಲ್ಲಿ ನೋಡಿದರೂ ಇವನೇ." ಅವಳು ಬೀಗದ ಕೈ ತೆಗೆದು ತೋರಿಸಿದಳು; ಅದರ ತುದಿಯಲ್ಲೂ ಅವನೇ ನೇತಾಡುತ್ತಿದ್ದ.

ಮುದುಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಅಪರಿಚಿತನ ತೋಳು ಹಿಡಿದು, "ಅದು ನನಗ ಸಿಕ್ಕಿದ್ದು, ನನ್ನ ಈ ಕೈಗೆ!" ಎಂದ. ಆ ಮನುಷ್ಯ ಪಾಪ, "ಮಾಷಾಲ್ಲಾ ಹಾಜಿ" ಅಂದು ಎರಡು ಹೆಜ್ಜೆ ಸರಿದು ನಿಂತ. ಕಿನಾವಿ ಚಿತ್ರದ ಕೆಳಗಿನ ಮೂಲೆಗೆ ಹೋದ. ಅಲ್ಲಿ ಇಡೀ ದೋಣಿಯ ಚಿಕ್ಕ ಚಿತ್ರವಿತ್ತು. ಹನ್ನೊಂದು ಜನ ಮುಂದಕ್ಕೆ ನೋಡುತ್ತಿದ್ದರು, ಎಡಸಾಲಿನ ನಾಲ್ಕನೆಯವನು ಮಾತ್ರ ಹಿಂದಕ್ಕೆ.

ಇವನು ಹೀಗೆ ಇರಲಿಲ್ಲ.

ಆ ದಿನ ನೆನಪಿಗೆ ಬಂತು. ಗೋರಿಯ ಬಾಯಿ ಆಗಷ್ಟೇ ತೆರೆದಿತ್ತು. ಫೋಟೋ ಆಗುವವರೆಗೆ ಯಾರೂ ಏನನ್ನೂ ಮುಟ್ಟಬಾರದು, ಅದು ಕಸುಬಿನ ಮೊದಲ ನೇಮ. ಹೊಸ ಆಳುಗಳಿಗೆ ಆ ನೇಮವನ್ನು ಬೈದು ಬೈದು ಕಲಿಸುತ್ತಿದ್ದವನೇ ಕಿನಾವಿ. ಆದರೂ ಆಸೆ ತಡೆಯಲಾಗದೆ ಹೊಟ್ಟೆಯ ಮೇಲೆ ತೆವಳಿ ಒಳಹೋಗಿದ್ದ. ದೋಣಿ ಕಂಡಿತು, ಹನ್ನೆರಡೂ ಜನ ಒಂದೇ ದಿಕ್ಕಿಗೆ ಹುಟ್ಟು ಹಾಕುತ್ತಿದ್ದರು. ಹಿಂದೆ ಸರಿಯುವಾಗ ಅಂಗಿಯ ತೋಳು ತಗುಲಿ ಒಬ್ಬ ಹುಟ್ಟಿನ ಸಮೇತ ಉರುಳಿದ, ಅದೇ ಹೊತ್ತಿಗೆ ಟಾರ್ಚೂ ಕೈಕೊಟ್ಟಿತು. ಕತ್ತಲಲ್ಲಿ ತಡಕಾಡಿ, ಅವನ ಅಡಿಯ ಗೂಟವನ್ನು ತೂತಿಗೆ ಒತ್ತಿ ಕೂರಿಸಿ ಹೊರಬಂದ. ಯಾವ ಕಡೆ ಮುಖ ಮಾಡಿ ಕೂರಿಸಿದೆ ಅಂತ ನೋಡಲಿಲ್ಲ. ಆಮೇಲೆ ಪರದೇಶದ ಪ್ರೊಫೆಸರು, ಫೋಟೋದವರು ಇಳಿದರು. ಮೇಸ್ತ್ರಿ ಮೇಲೆ ಹಗ್ಗ ಹಿಡಿದು ನಿಂತಿದ್ದ. ದೋಣಿ ಹತ್ತಿಯಲ್ಲಿ ಸುತ್ತಿಕೊಂಡೇ ಹೊರಗೆ ಬಂತು. ಈ ವಿಷಯ ಯಾರ ಮುಂದೂ ತುಟಿ ಪಿಟಕ್ ಅಂದಿರಲಿಲ್ಲ.

ಮೆಟ್ರೋದಲ್ಲಿ ಇಡೀ ದಾರಿ ಅವನು ಎದುರಿಗೆ ಕೂತ ಹುಡುಗಿಯ ಅಂಗಿಯನ್ನೇ ನೋಡುತ್ತಿದ್ದ. ಅದರ ಮೇಲೂ ಅವನ ತಪ್ಪೇ ಅಚ್ಚಾಗಿತ್ತು. ಹನೀನ್‌ಗೆ ಪಿಸುಮಾತಿನಲ್ಲಿ ಎಲ್ಲ ಹೇಳಿದ.

"ಅಯ್ಯೋ ಅಜ್ಜ, ಬಾಯಿ ಮುಚ್ಚು!" ಅವಳು ಸುತ್ತ ನೋಡಿದಳು. "ಯಾರಿಗೂ ಗೊತ್ತಿಲ್ಲ ತಾನೆ? ಹೋಗೋಣ, ಫೋಟೋ ಹೊಡೀತೀನಿ, ಶಹಾತಾ ಅಜ್ಜನಿಗೆ ಕಳಿಸ್ತೀನಿ, ಕೊಶರಿ ತಿಂದು ರಾತ್ರಿ ರೈಲು ಹತ್ತು. ಇದನ್ನ ಹೇಳಿದರೆ ಆ ಚಹದಂಗಡೀಲಿ ನಿನ್ನನ್ನ ಸಾಯೋವರೆಗೂ ನೆಮ್ಮದಿಯಾಗಿ ಬದುಕೋಕೆ ಬಿಡ್ತಾರಾ?"

ಅದು ಅವನಿಗೂ ಗೊತ್ತಿತ್ತು.

ಮ್ಯೂಸಿಯಮ್ಮಿನ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಟಿಕೆಟ್ ಕೊಂಡು ಒಳಹೊಕ್ಕರು. ಆಕಾಶದೆತ್ತರದ ಕಲ್ಲಿನ ದೊರೆಗಳ ಕಡೆಗೆ ಮುದುಕ ತಿರುಗಿಯೂ ನೋಡಲಿಲ್ಲ. ಅವರೆಲ್ಲ ಹಳೇ ಪರಿಚಯದವರು. ಮೂರನೆಯ ಕೋಣೆಯ ನಡುವೆ, ಗಾಜಿನೊಳಗೆ, ಬೆಳಕಿನಲ್ಲಿ ದೋಣಿ ಇತ್ತು.

ಆ ಕ್ಷಣ ಭಯವೂ ಮರೆತುಹೋಯಿತು. ಕೆಂಪು ಬಣ್ಣ ಇನ್ನೂ ಹಾಗೇ ಇತ್ತು! ಬಾಲದ ಹತ್ತಿರದ ಸೀಳು ಕೂಡ ಹಾಗೇ. "ಬಂದೆ ನೋಡ್ರಪಾ," ಎಂದು ಗಾಜಿಗೆ ಅಂಗೈಯಿಟ್ಟ ಕಿನಾವಿಯ ಕಣ್ಣು ತುಂಬಿ ಹರಿದವು. ಕಾವಲಿನವಳು ಬೈಯಲು ಬಂದವಳು ಅವನ ಮುಖ ನೋಡಿ ಹಿಂದೆ ಸರಿದಳು.

ಅಷ್ಟರಲ್ಲಿ ಒಬ್ಬ ಗೈಡು ಒಂದು ಗುಂಪನ್ನು ಹೊಡೆದುಕೊಂಡು ಬಂದ. "ಈ ಒಬ್ಬ ಮಾತ್ರ ಯಾಕೆ ತಿರುಗಿ ಕೂತಿದ್ದಾನೆ? ದಡದಲ್ಲಿ ಹೆಂಡತಿ ನಿಂತಿದ್ದಾಳೆ!" ಗುಂಪು ಅಯ್ಯೋ ಎಂದಿತು. ಹಿಂದೆಯೇ ಬಂದ ಗೈಡಮ್ಮ, ಅವನು ಬೆನ್ನ ಹಿಂದಿನ ಶತ್ರುಗಳನ್ನು ಕಾಯುತ್ತಿದ್ದಾನೆ ಎಂದಳು. ಮೂರನೆಯವನು ಇನ್ನೂ ಗಟ್ಟಿಗ. "ನೋಡಿ, ಇವನು ಹುಟ್ಟು ಕೆಳಗಿಟ್ಟಿದ್ದಾನೆ. ದೊರೆಗೆ ಇನ್ನು ದುಡಿಯಲ್ಲ ಅಂದ ಮೊದಲ ಕೂಲಿಯವ!" ಗುಂಪಿನಲ್ಲಿದ್ದ ಯುವಕರು ಚಪ್ಪಾಳೆ ಹೊಡೆದರು.

ಹನೀನ್ ಫೋನ್ ಎತ್ತಿದಳು. "ಅಜ್ಜ, ನಗು. ಒಂದೇ ನಿಮಿಷ."

ಕಿನಾವಿ ನಗಲು ಬಾಯಿ ತೆರೆದ. ಗಾಜಿನೊಳಗಿಂದ ಆ ಪುಟ್ಟವನು ನೆಟ್ಟ ದೃಷ್ಟಿಯಿಂದ ಅವನನ್ನೇ ನೋಡುತ್ತಿದ್ದ. ಇಟ್ಟವರು ಇಟ್ಟ ಹಾಗೆ ಎತ್ತಿಕೊಡು ಅಂತ ಐವತ್ತು ವರ್ಷ ಊರ ಹುಡುಗರ ಕಿವಿ ಹಿಂಡಿದ್ದ ಮೇಸ್ತ್ರಿ.

"ಎಲ್ಲಾ ಸುಳ್ಳು!" ಅವನ ದನಿ ಇಡೀ ಕೋಣೆಯಲ್ಲಿ ಮೊಳಗಿತು. "ಹೆಂಡ್ತೀನೂ ಇಲ್ಲ, ಶತ್ರೂನೂ ಇಲ್ಲ. ಅಂವನ್ನ ತಿರುಗಿಸಿ ಕುಂದರ್ಸಿದಾಂವ ನಾನು!"

ಐದು ನಿಮಿಷದಲ್ಲಿ ಕಾವಲಿನವರು ನಾಲ್ವರಾದರು. ಹತ್ತು ನಿಮಿಷದಲ್ಲಿ ಆ ವಿಭಾಗದ ಅಧಿಕಾರಿ ಡಾಕ್ಟರ್ ರಬಾಬ್ ಬಂದಳು. ನಲವತ್ತರ ಹೆಂಗಸು, ಕತ್ತಿನಲ್ಲಿ ಕನ್ನಡಕ ನೇತಾಡುತ್ತಿತ್ತು. ಮುದುಕ ಹೇಳಿದ್ದನ್ನೆಲ್ಲ ಕೇಳಿ ತಾಳ್ಮೆಯಿಂದ ನಕ್ಕಳು.

"ಹಾಜಿ, ಪೆಟ್ಟಿಗೆಗೆ ಹಾಕೋ ಮುಂಚೆ ಗೋರಿಯೊಳಗೇ ತೆಗೆದ ಫೋಟೋ ನನ್ನ ಹತ್ತಿರ ಇದೆ. ಅದರಲ್ಲೂ ಅವನು ತಿರುಗೇ ಕೂತಿದ್ದಾನೆ."

"ಫೋಟೋ ಹೊಡ್ಯಾಕ ಮೊದಲ ನಾ ಒಳಗ ಹೋಗಿದ್ನಲ್ಲವಾ."

"ಅದಕ್ಕೆ ಸಾಕ್ಷಿ?"

"ಸಾಕ್ಷಿ ಅಂವನ ಕೈಯಾಗ ಐತಿ." ಮುದುಕ ಕೋಲಿನಿಂದ ಗಾಜು ತೋರಿಸಿದ. "ಡಾಕ್ಟರವ್ವಾ, ಎಡಸಾಲಿನ ಬಾಕಿ ಐದು ಮಂದಿ ಕೈ ಎಲ್ಲಿ ಅದಾವು? ದೋಣಿ ಹೊರಗ, ನೀರಿನ ಕಡಿ. ಇಂವನ ಕೈ? ದೋಣಿ ಒಳಗ, ನಡುವ. ನಡುವ ಏನು, ಬ್ಯಾಳಿ ಕುದಸಾಕ ಹತ್ಯಾನ? ಅಂವನ್ನ ಹೊಳ್ಳಿ ಕುಂದರ್ಸು. ಎರಡೂ ಕೈ ಸೀದಾ ನೀರಿಗೆ ಬರತಾವು. ಅವಾಗ ಕೆಳಗ ಬಿದ್ದ ಹುಟ್ಟೂ ಅಂವನ ಮುಷ್ಟ್ಯಾಗ ಹೊಂದತೈತಿ."

ರಬಾಬ್ ಕನ್ನಡಕ ಏರಿಸಿಕೊಂಡು ಗಾಜಿನ ಮುಂದೆ ಮಂಡಿಯೂರಿದಳು. ಎಡಗಡೆಯಿಂದ ನೋಡಿದಳು, ಬಲಗಡೆಯಿಂದ ನೋಡಿದಳು. ತನ್ನ ಎರಡು ಕೈಗಳನ್ನೂ ಹುಟ್ಟು ಹಿಡಿದಂತೆ ಮಾಡಿ, ಎದ್ದು, ಆ ಜನರ ನಡುವೆಯೇ ಗಿರಕ್ಕನೆ ತಿರುಗಿ ನಿಂತಳು.

"ನಾಲ್ಕು ವರ್ಷ," ಅಂದಳು. "ಇವನ ಮೇಲೆ ನಾಲ್ಕು ವರ್ಷ ಕೂತು ಪ್ರಬಂಧ ಬರೆದೆ ಹಾಜಿ. ಡಾಕ್ಟರ್ ಆಗಿದ್ದೇ ಇವನಿಂದ. ಹುಟ್ಟು ಯಾಕೆ ಕೆಳಗಿಟ್ಟ ಅನ್ನೋದಕ್ಕೆ ನೂರಾ ಹತ್ತು ಪುಟ!"

ಕಿನಾವಿ ಕುಸಿದುಹೋದ. ತನ್ನ ಮರ್ಯಾದೆಯ ಲೆಕ್ಕ ಹಾಕಿದ್ದನೇ ಹೊರತು ಇನ್ನೊಬ್ಬರ ಅನ್ನ ಇದರಲ್ಲಿದೆ ಅಂತ ಅವನಿಗೆ ಹೊಳೆದಿರಲಿಲ್ಲ. "ತಪ್ಪಾತವಾ," ಎಂದು ರುಮಾಲು ತೆಗೆದು ಕೈಯಲ್ಲಿ ಹಿಡಿದ. "ಬೇಕಾದ್ರ ಪೊಲೀಸರನ್ನ ಕರಿ."

ಅವಳ ತುಟಿಯ ಕೊನೆ ಅಲುಗಿತು. "ಬ್ಯಾಳಿ ಕುದಸಾಕ ಹತ್ಯಾನ!" ಎಂದು ಅವನ ಮಾತನ್ನೇ ಆಡಿ ಬಿದ್ದು ಬಿದ್ದು ನಕ್ಕಳು. ನಗುತ್ತಾ ಕಣ್ಣೊರೆಸಿಕೊಂಡಳು, ಆ ನೀರೆಲ್ಲ ನಗುವಿನದೇ ಅಂತ ಹೇಳಲಾರೆ. "ಬನ್ನಿ ಹಾಜಿ, ಮೇಲೆ ಬನ್ನಿ. ಎಲ್ಲ ಬರೆದುಕೊಳ್ಳಬೇಕು. ಗಾಜು ತೆಗೆಯೋಕೆ ಸಮಿತಿ ಸೇರಬೇಕು, ತಿಂಗಳಾಗುತ್ತೋ ಆರಾಗುತ್ತೋ. ಬರೆಯೋಕೆ ಮಾತ್ರ ಯಾವ ಸಮಿತಿಯೂ ಬೇಡ."

ಮೇಲಿನ ಕೋಣೆಯಲ್ಲಿ ಮೂರು ಲೋಟ ಚಹಾ ಆಯಿತು, ಹೆಂಡತಿಯ ರೊಟ್ಟಿಗಂಟು ಬಿಚ್ಚಿತು. ರಬಾಬ್ ಹಳೆಯ ಕಡತ ತೆಗೆದು ಆ ದಿನದ ಪುಟ ಹುಡುಕಿದಳು. ಪ್ರೊಫೆಸರರ ಹೆಸರಿತ್ತು, ಫೋಟೋದವನ ಹೆಸರಿತ್ತು, ಪ್ರೊಫೆಸರರ ನಾಯಿಯ ಹೆಸರೂ ಇತ್ತು. ಕೆಳಗೆ 'ಮೇಸ್ತ್ರಿ ಮತ್ತು ಮೂವತ್ತು ಆಳುಗಳು' ಅಂತ ಇತ್ತು. ಅವಳು ಆ ಸಾಲನ್ನು ಎರಡು ಸಲ ಓದಿ, "ಹಾಜಿ, ನಿಮ್ಮ ಪೂರ್ತಿ ಹೆಸರು ಹೇಳಿ," ಎಂದಳು.

ಮಧ್ಯಾಹ್ನದ ನಮಾಜು ಮುಗಿಸಿ ಬರುವಷ್ಟರಲ್ಲಿ ಗಾಜಿನ ಪಕ್ಕ ಒಂದು ಹೊಸ ಹಾಳೆ ಅಂಟಿತ್ತು. ಕಿನಾವಿಗೆ ಓದು ಅಷ್ಟಕ್ಕಷ್ಟೆ. ಹನೀನ್ ಓದಿದಳು.

"ಈ ದೋಣಿಯನ್ನು ಮಣ್ಣಿನಿಂದ ಎತ್ತಿದವರು ಕಿಫ್ತ್ ಊರಿನ ರೈಸ್ ಕಿನಾವಿ ಅಬ್ದುಲ್ಲಾಹ್. ಎಡಸಾಲಿನ ನಾಲ್ಕನೆಯವನನ್ನು ಕತ್ತಲಲ್ಲಿ ತಿರುಗಿಸಿ ಕೂರಿಸಿದವರೂ ಅವರೇ. ಅದನ್ನು ಬಂದು ತಿಳಿಸಿದವರೂ ಅವರೇ."

"ಇನ್ನೊಮ್ಮೆ ಓದು."

ಅವಳು ಓದಿದಳು. ಇಡೀ ಮ್ಯೂಸಿಯಮ್ಮಿನ ಗೋಡೆಗಳಲ್ಲಿ ಕಿಫ್ತ್‌ನವನ ಹೆಸರು ಇನ್ನೆಲ್ಲಾದರೂ ಇದೆಯಾ ಅಂತ ಅವನು ಕೇಳಿದ. ಇಲ್ಲ, ಇದೇ ಮೊದಲು, ಅಂದಳು ರಬಾಬ್. ಅವನ ಅಪ್ಪ, ಅಪ್ಪನ ಅಪ್ಪ, ಹಗ್ಗ ಹರಿದು ಗುಂಡಿಗೆ ಬಿದ್ದು ಸತ್ತ ತಮ್ಮ, ಯಾರದೂ ಇಲ್ಲ. ಮುದುಕ ರುಮಾಲು ಸರಿಯಾಗಿ ಸುತ್ತಿಕೊಂಡು ಹಾಳೆಯ ಪಕ್ಕ ನೆಟ್ಟಗೆ ನಿಂತ.

ಹನೀನ್ ಫೋಟೋ ಹೊಡೆದು, ಶಹಾತಾನಿಗೆ ಕಳಿಸುವ ಮೊದಲು ಫೋನನ್ನು ಅವನ ಮುಂದೆ ಹಿಡಿದಳು. "ಅಜ್ಜ, ಮೊದಲ ಸಾಲು ಮಾತ್ರ ಕಾಣೋ ಹಾಗೆ ಕತ್ತರಿಸಲಾ? ಯಾರಿಗೂ ಗೊತ್ತಾಗಲ್ಲ."

ಕಿನಾವಿ ಗಾಜಿನೊಳಗೆ ನೋಡಿದ. ಸಮಿತಿ ಸೇರುವವರೆಗೆ ಆ ಪುಟ್ಟವನು ಹೀಗೇ ನೋಡುತ್ತಿರುತ್ತಾನೆ.

"ಪೂರಾ ಕಳಸು," ಎಂದ.