ಗಡಿಕಲ್ಲಿನ ಗತ್ತು

ನಾನು ಕಲ್ಲು. ಬರೀ ಕಲ್ಲಲ್ಲ, ಗಡಿಕಲ್ಲು! ನನ್ನನ್ನು ಕಡೆಯುವಾಗ ಕಲ್ಲುಕುಟಿಗ ಯಮನಪ್ಪನ ಹದಿನೇಳು ಉಳಿಗಳು ಮುರಿದವು. ಹದಿನೇಳಲ್ಲ, ಎಪ್ಪತ್ತು. ಎಡಮೈಗೆ ಹಾಲಗೇರಿ ಸಂಸ್ಥಾನದ ಹೆಸರು, ಬಲಮೈಗೆ ಮರಡಿ ಸಂಸ್ಥಾನದ ಹೆಸರು ಕೆತ್ತಿ, ಬಯಲಿನ ನಟ್ಟನಡುವೆ ಸೊಂಟದ ತನಕ ಹೂಳಿ ಹೋದರು. ನಾನು ತುಸು ಅತ್ತ ವಾಲಿದ್ದರೆ ಒಬ್ಬ ರಾಜ ಭಿಕಾರಿಯಾಗುತ್ತಿದ್ದ. ಇತ್ತ ವಾಲಿದ್ದರೆ ಇನ್ನೊಬ್ಬ. ಇಬ್ಬರನ್ನೂ ಉಳಿಸಿದವನು ನಾನೇ.

ಇಂಥ ದೊಡ್ಡ ಮನುಷ್ಯನಿಗೆ ಗೆಳೆಯರಿರುವುದಿಲ್ಲ. ಹತ್ತಿರದ ಗಿಡವೆಂದರೆ ಅರ್ಧ ಹರದಾರಿ ದೂರ. ಪಕ್ಕದ ನಾಕಾದಲ್ಲಿ ದಾರಿಗೆ ಅಡ್ಡ ಕಟ್ಟಿದ ಒಂದು ಬಿದಿರು, ಅದರ ಹಿಂದೆ ತೂಕಡಿಸುವ ನಾಕೇದಾರ ಗುರುಪಾದ. ನನ್ನೊಡನೆ ಮಾತಾಡುತ್ತಿದ್ದುದು ಗಾಳಿ ಮಾತ್ರ. ಅದಕ್ಕೂ ನಿಂತು ಕೇಳುವ ಪುರಸೊತ್ತಿಲ್ಲ.

ಮುಂದೆ ರಾಜರಿಬ್ಬರೂ ಜಗಳವಾಡಿ, ಚೀಟಿ ಇಲ್ಲದವರು ಗಡಿ ದಾಟಕೂಡದೆಂದು ಹುಕುಂ ಹೊರಡಿಸಿದರು. ಅಂದಿನಿಂದ ನನಗೆ ದೈವತ್ವ ಬಂತು! ಹಾಲಗೇರಿ ಕಡೆಯ ದೇಮವ್ವ ಎಂಬ ಮುದುಕಿ ಪ್ರತಿ ಸೋಮವಾರ ಬಂದು ನನ್ನ ನೆತ್ತಿಗೆ ಕುಂಕುಮವಿಟ್ಟು, ಮುಂದೆ ಎಳ್ಳುಂಡಿ ಇಟ್ಟು, ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ಮೂರು ವರ್ಷ ತಪ್ಪಲಿಲ್ಲ. ಉಂಡಿ ತಿಂದದ್ದು ಇರುವೆ; ಹೆಸರು ನನ್ನದು. ಜಗತ್ತಿನಲ್ಲಿ ನನ್ನವಳೆಂದರೆ ಅವಳೊಬ್ಬಳೇ ಎಂದುಕೊಂಡೆ. ಉಳಿದ ಆರು ದಿನ ಆರು ಯುಗ. ಇದೊಂದು ಮಾತು ಮಾತ್ರ ಉತ್ಪ್ರೇಕ್ಷೆಯಲ್ಲ.

ರಾಜರ ಕಾಲ ಮುಗಿಯಿತು. ಎರಡೂ ಸಂಸ್ಥಾನ ಕೂಡಿ ಒಂದೇ ರಾಜ್ಯವಾಯಿತು. ಅದರ ಮೊದಲ ಮುಖ್ಯಮಂತ್ರಿ ಬಸಲಿಂಗಪ್ಪ ಕೊಣ್ಣೂರ, ಗಿಡ್ಡ ಆಳು, ಮೊನ್ನೆಯವರೆಗೆ ಕನ್ನಡ ಸಾಲೆಯ ಮಾಸ್ತರ. ಗಾದಿಯೇರಿದ ಮರುದಿನವೇ ನನ್ನನ್ನು ನೋಡಲು ಬಂದರು. ಹಿಂದೆ ಲಕ್ಷ ಜನ. ಎತ್ತುಗಳನ್ನೂ ಎಣಿಸಿದರೆ ಇನ್ನೂರು. ಸನ್ಮಾನಕ್ಕೇ ಬಂದರೆಂದು ಸೆಟೆದು ನಿಂತೆ. ಕಲ್ಲಿಗೆ ಬೇರೆ ಹೇಗೆ ನಿಲ್ಲಲು ಬರುತ್ತದೆ ಎನ್ನಬೇಡಿ.

ಅವರ ಕೈಯಲ್ಲಿ ಹಾರೆಯಿತ್ತು.

"ಇದನ್ನ ಕಿತ್ತರ ನಮ್ಮ ರಾಜ್ಯ ಆದಂಗ," ಎಂದರು.

ದೇಮವ್ವ ಮಂದಿಯನ್ನು ನೂಕಿಕೊಂಡು ಮುಂದೆ ಬಂದಳು. ಗಡಿ ಹೋದರೆ ತನ್ನ ಕೆಲಸವೂ ಹೋದೀತೆಂದು ಗುರುಪಾದ ಅವಳನ್ನೇ ಗುರಾಣಿ ಮಾಡಿಕೊಂಡ. "ಬ್ಯಾಡ್ರೀ ಸಾಹೇಬ್ರ, ಇದು ಈ ಮುದುಕಿ ದೇವರೈತಿ. ಕಿತ್ತರ ಶಾಪ ಹಾಕ್ತಾಳ!"

"ನಿನ್ನ ಬಾಯಾಗ ಮಣ್ಣ ಹಾಕ!" ಎಂದಳು ದೇಮವ್ವ. "ದೇವರಂತ ದೇವರು! ನನ್ನ ಮಗಳನ್ನ ಅಡ್ಡಗಟ್ಟಿದ್ದು ನೀನು ಮತ್ತ ಈ ಕಲ್ಲು."

ಬಸಲಿಂಗಪ್ಪ ಹಾರೆ ಇಳಿಸಿದರು. "ಹಂಗಾರ ಕುಂಕುಮ ಯಾಕ ಹಚ್ಚೀದಿ, ಯವ್ವಾ?"

"ಏನ್ ಮಾಡ್ಲಿ ಯಪ್ಪಾ? ನನ್ನ ಕಾಳವ್ವನ್ನ ಮರಡಿಗೆ ಕೊಟ್ಟೀನಿ. ಬಾಣಂತನಕ್ಕೂ ಬರಾಕ ಬಿಡಲಿಲ್ಲ ಇಂವ. ಈ ಕಲ್ಲು ಆ ಕಡೆಗೂ ಐತಿ, ಈ ಕಡೆಗೂ ಐತಿ. ಇದಕ್ಕ ಹಚ್ಚಿದ್ರ ಅಕಿ ಹಣಿಗೆ ಹಚ್ಚಿದಂಗ, ಇದಕ್ಕ ಉಣಿಸಿದ್ರ ಅಕಿಗೆ ಉಣಿಸಿದಂಗ. ಕಿತ್ತರ ಅಕಿ ಖರೇನ ಬರ್ತಾಳೇನು?"

ಮುಖ್ಯಮಂತ್ರಿ ನಾಕೇದಾರನ ಕಡೆ ತಿರುಗಿ, "ಗುರುಪಾದ, ಆ ಬಿದಿರು ತಗದ ಒಗಿ. ಇದ ನನ್ನ ಮೊದಲನೇ ಹುಕುಂ," ಎಂದರು. ಆಮೇಲೆ ಅವಳಿಗೆ, "ಬರ್ತಾಳವ್ವಾ. ಚೀಟಿ ಇಲ್ಲದ ಬರ್ತಾಳ."

ದೇಮವ್ವ ಸೆರಗಿನಿಂದ ನನ್ನ ನೆತ್ತಿ ಒರೆಸಿದಳು. ಮೂರು ವರ್ಷದ ಕುಂಕುಮ ಕ್ಷಣದಲ್ಲಿ ಹೋಯಿತು. ಹೆಗಲು ಕೊಟ್ಟು ಮೊದಲು ನೂಕಿದವಳೂ ಅವಳೇ. ನನ್ನನ್ನು ಕೀಳಲು ನಲವತ್ತು ಆನೆ ಬೇಕಾದವೆಂದು ಹೇಳಬೇಕೆಂದಿದ್ದೆ. ಬೇಡ. ಒಬ್ಬ ಮುದುಕಿ, ಒಬ್ಬ ಮಾಸ್ತರ, ಒಂದು ಹಾರೆ ಸಾಕಾಯಿತು.

ಈಗ ದಾರಿ ಬದಿಯ ತಗ್ಗಿನಲ್ಲಿ ಬಿದ್ದಿದ್ದೇನೆ. ಮರಡಿಯ ಹೆಸರು ಮಣ್ಣಿಗೆ, ಹಾಲಗೇರಿಯ ಹೆಸರು ಬಿಸಿಲಿಗೆ. ಆ ಸಲದ ಪಂಚಮಿಗೆ ಕಾಳವ್ವ ಬಂದಳು. ಗಡಿಯಿದ್ದ ಜಾಗಕ್ಕೆ ಬಂದಾಗ ನಾನು ಉಸಿರು ಬಿಗಿಹಿಡಿದೆ. ಅವಳು ಕೂಸನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿಕೊಂಡು ನಡೆದೇ ಹೋದಳು, ಎದುರಿಗೆ ಓಡಿ ಬರುತ್ತಿದ್ದ ತಾಯಿಯ ಕಡೆಗೆ. ಆಮೇಲೆ ದೇಮವ್ವ ಇತ್ತ ಬಂದಿಲ್ಲ. ಸೋಮವಾರಗಳು ಬರುತ್ತವೆ.

ಗಡಿ ಸರಿಯಾಗಿ ಎಲ್ಲಿತ್ತೆಂಬುದು ಇಂದು ಇಡೀ ರಾಜ್ಯದಲ್ಲಿ ನನಗೊಬ್ಬನಿಗೇ ಗೊತ್ತು. ಕೇಳಿದರೆ ಕೂದಲೆಳೆಯೂ ತಪ್ಪದೆ ತೋರಿಸಬಲ್ಲೆ.

ಯಾರೂ ಕೇಳಿಲ್ಲ.